ಕಂಪ್ಯೂಟರಿಗೆ ವಿಭೂತಿ, ಟೈಪ್‌ರೈಟರಿಗೂ ವಿಭೂತಿ

ಕೇಳ್ರಪ್ಪಾ, ಇವತ್ತು ನಮ್ಮ ಹರಿಹರದ ಬಿತ್ತನೆ ಬೀಜದ ಆಫೀಸಿನಾಗೆ ನಡೆದದ್ದು. ಊರಿಗೇ ಮೊದಲನೇದು ಅಂತ ಟ್ರಯಲ್‌ಗೆ ತಂದಿಟ್ಟಿದ್ದ ಪುಟ್ಟ ಕಂಪ್ಯೂಟರನ್ನ ವಾರವಿಡೀ ಪರೀಕ್ಷೆ ಮಾಡಿ, ಟೈಪಿಸ್ಟ್ ಆದ ನಾನು ಸಾಹುಕಾರರಿಗೆ ಖಡಾಖಂಡಿತವಾಗಿ ಹೇಳಿದೆ: "ಬ್ಯಾಡ್ರಿ. ಇದಕ್ಕೆ ಕನ್ನಡ ಬರಂಗಿಲ್ಲ. ಹದಡಿ, ಕುಕ್ಕುವಾಡದ ರೈತರಿಗೆ ಕಾಗದ ಬರೆಯೋದು ಹೆಂಗೆ?"

ಸಾಹುಕಾರರು ಬೆಳಗ್ಗೇನೇ ಕಂಪ್ಯೂಟರಿಗೆ ವಿಭೂತಿ ಬಳಿದು ಸೇವಂತಿಗೆ ಹಾರ ಹಾಕಿಬಿಟ್ಟಿದ್ರು. "ಪೂಜೆ ಆದ ಮಿಷನ್ನು ಹೊರಗೆ ಕಳಿಸಬಾರದು ಕಣಮ್ಮ. ನಿನ್ನ ಹಳೇ ಟೈಪ್‌ರೈಟರ್ ಗುಜರಿಗೆ ಹಾಕಣ."

"ಆಯ್ತ್ರಿ" ಅಂದೆ. ಅದೇ ಬಟ್ಟಲಿನ ವಿಭೂತಿಗೆ ಮೂರು ಬೆರಳು ಅದ್ದಿ ನನ್ನ ಕನ್ನಡ ಟೈಪ್‌ರೈಟರಿಗೂ ಬಳಿದೆ, ಹಾರದಿಂದ ಒಂದು ಹೂವು ಕಿತ್ತು ಏರಿಸಿದೆ, ಕೈಮುಗಿದೆ. "ಇನ್ನು ಇದನ್ನೂ ಕಳಿಸಂಗಿಲ್ಲ, ಅಲ್ರಿ?"

ಸಂಜೆ ಟಪಾಲಿಗೆ ಹೋದ ಕಾಗದ ಅಷ್ಟನ್ನೂ ಬರೆದದ್ದು ಒಂದು ಹೂವಿನ ದೇವರು. ಹಾರದ ದೇವರು ಸುಮ್ನೆ ಕೂತು ನೋಡ್ತಿತ್ತು.