ಹುಂಜದ ತಾಯಿಯನ್ನು ಕೇಳಿದವರು

ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ದನ ಎಮ್ಮೆಗಳ ಚಿಕಿತ್ಸೆಗೆ ಹೆಸರಾದವರು ಹಲವರಿದ್ದಾರೆ; ಆದರೆ ಹಿತ್ತಲ ಕೋಳಿಗೂ ವಂಶವೊಂದಿದೆಯೆಂದು ಮೂವತ್ತನಾಲ್ಕು ವರ್ಷ ಮನೆಮನೆಗೆ ಹೋಗಿ ಹೇಳಿದವರು ಪಶುವೈದ್ಯಕೀಯ ಪರೀಕ್ಷಕರಾಗಿದ್ದ ಶ್ರೀ ಸದಾಶಿವಪ್ಪನವರೊಬ್ಬರೇ. ಅವರು ಮೊಟ್ಟೆಯನ್ನೂ ತಿನ್ನದವರು ಎಂಬುದು ನಮ್ಮೂರ ಹೆಂಗಸರಿಗೆ ಕೊನೆಯವರೆಗೂ ತಮಾಷೆಯೇ.

ಸೊರಬದಲ್ಲಿ ಸೇವೆಗೆ ಸೇರಿ, ಬಳ್ಳಿಗಾವಿಯ ಕಡೆಗೆ ವರ್ಗವಾಗಿ ಬಂದ ಮೇಲೆ ನಮ್ಮ ಉಡುತಡಿಯೂ ಅವರ ಓಡಾಟಕ್ಕೆ ಸೇರಿತು. ನಾನು ಅವರನ್ನು ಹತ್ತಿರದಿಂದ ಕಂಡದ್ದು ನಾಲ್ಕು ವರ್ಷಗಳ ಹಿಂದೆ. ಪದವಿ ಮುಗಿಸಿ, ಅರ್ಜಿ ಹಾಕಿ ಹಾಕಿ ಸಾಕಾಗಿ, ಡೈರಿ ಬರೆಯುತ್ತ ಒಳಮನೆಯಲ್ಲೇ ಕೂತಿದ್ದ ದಿನಗಳವು. ಆ ಬೇಸಿಗೆ ಕೊಕ್ಕರೆ ರೋಗ ಬಂದು ಅವ್ವ ದುರ್ಗಮ್ಮನ ಕೋಳಿಗಳಲ್ಲಿ ಐದು ಹೇಂಟೆ, ಎರಡು ಹುಂಜ ಮಾತ್ರ ಉಳಿದಿದ್ದವು. ತೂಕದ ಬೂದು ಹುಂಜ ದೇವಿಯ ಹರಕೆಯದು. ಉಳಿದ ಕೆಂಪು ಹುಂಜದಿಂದಲೇ ಹಿತ್ತಲು ಮತ್ತೆ ತುಂಬಬೇಕಿತ್ತು. ನಮ್ಮಲ್ಲಿ ಎಲ್ಲರ ರೂಢಿಯೂ ಅದೇ: ಒಳ್ಳೆಯದು ದೇವರಿಗೆ, ನಂಟರಿಗೆ, ಮಿಕ್ಕಿದ್ದು ಮರಿ ಮಾಡಲಿಕ್ಕೆ.

ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತ ಸದಾಶಿವಪ್ಪನವರು, “ಹೇಳಿ ಹೇಳಿ ಬಾಯಿ ಸೋತೈತೆ ದುರ್ಗಮ್ಮ. ಈ ಕೆಂಪು ಹುಂಜದ ಅವ್ವ ಯಾವ್ದು?” ಎಂದರು.

“ಮೊಟ್ಟೆ ಮುಟ್ಟದೋರು ನಮಗೆ ಕೋಳಿ ಪಾಠ ಹೇಳ್ತೀರಲ್ರೀ! ಹುಂಜದ ಬಣ್ಣ ಚಂದ ಐತಿ, ಅವ್ವನ್ನ ಕಟ್ಕೊಂಡು ಏನ್ ಮಾಡ್ಲಿ?” ಎಂದಳು ಅವ್ವ.

“ಹುಂಜ ಮೊಟ್ಟೆ ಇಡಲ್ಲ, ಸರಿ. ಆದ್ರೆ ತನ್ನ ಅವ್ವನ ಗುಣಾನ ತನ್ನ ಮಕ್ಕಳಿಗೆ ದಾಟಿಸ್ತದೆ.”

ಅವ್ವನಿಗೆ ನೆನಪಿರಲಿಲ್ಲ, ನನ್ನ ಡೈರಿಯಲ್ಲಿತ್ತು. ಬಾಗಿಲ ಮರೆಯಿಂದ ಓದಿದೆ: ಕೆಂಪು ಹುಂಜದ ತಾಯಿ ಕಾವಿಗೆ ಕೂತು ನಡುವೆ ಎದ್ದುಹೋದವಳು, ಬೂದು ಹುಂಜದ ತಾಯಿ ಹನ್ನೆರಡು ಮೊಟ್ಟೆಗೆ ಹನ್ನೊಂದು ಮರಿ ಮಾಡಿದವಳು.

“ಬೂದು ಹುಂಜ ಉಳಿಸ್ಕಳ್ರಿ. ಮುಂದಿನ ವರ್ಷ ಅದ್ರ ಮಗನ್ನ ಕೊಡ್ತೀನಿ ಅಂತ ದೇವಿಗೆ ಹೇಳ್ಕಳ್ರಿ.”

“ದೇವಿ ಮುನಿದ್ರೆ?”

“ನನ್ನ ಹೆಸರು ಹೇಳ್ರಿ. ನನ್ನ ಮೇಲೇ ಬರ್ಲಿ.”

ಅವ್ವ ಅಂಜುತ್ತಲೇ ಒಪ್ಪಿದಳು. ವರ್ಷ ತಿರುಗುವುದರೊಳಗೆ ಹಿತ್ತಲು ತುಂಬಿತು, ಹರಕೆಯೂ ಸಂದಿತು. ಅಂದಿನಿಂದ ಯಾವ ಹೇಂಟೆಯ ಮರಿ ಯಾವುದೆಂದು ಬರೆದಿಡುವ ಕೆಲಸವನ್ನು ಅವರು ನನಗೆ ವಹಿಸಿದರು. ಯಾರಿಗೂ ಬೇಡವಾದ ನನ್ನ ಅಕ್ಷರ ಒಬ್ಬರಿಗೆ ಬೇಕಾಯಿತು.

ಕಳೆದ ತಿಂಗಳು ಅವರ ನಿವೃತ್ತಿಯ ಬೀಳ್ಕೊಡುಗೆಯಲ್ಲಿ ಎಲ್ಲರೂ ಶಾಲು, ಹಾರ ತಂದರೆ ಅವ್ವ ಚೀಲದಿಂದ ಕತ್ತು ಹೊರಗಿಟ್ಟ ಒಂದು ಹುಂಜ ತಂದಳು. ತಿನ್ನದವರಿಗೆ ಅದೆಂಥ ಉಡುಗೊರೆಯೆಂದು ಜನ ನಕ್ಕರು. ಅವರು ನಗಲಿಲ್ಲ. ಅದರ ಎದೆಮೂಳೆ ಮುಟ್ಟಿ ನೋಡಿ, “ಸ್ಪಂದನ, ಇದರ ಅವ್ವ ಯಾವ್ದಮ್ಮ?” ಎಂದರು.

“ಕರಿ ಹೇಂಟೆ, ಸರ್. ಈ ಸಲ ಎಲ್ಲಾ ಮೊಟ್ಟೇನೂ ಮರಿ ಮಾಡಿದ್ಳು.”

ಅವರು ಕಣ್ಣು ಮುಚ್ಚಿ ತೆರೆದರು. “ಮೂವತ್ನಾಕು ವರ್ಷ ಹೇಳಿದ್ದು ಇದನ್ನೇ ಅಲ್ವೇನ್ರೀ ದುರ್ಗಮ್ಮ? ಇರೋದ್ರಲ್ಲಿ ಒಳ್ಳೇದನ್ನ ಕೊಟ್ಟುಬಿಡ್ಬೇಡ್ರಿ. ವಾಪಸ್ ತಗೊಂಡ್ಹೋಗ್ರಿ.”

ಆ ಹುಂಜವೀಗ ನಮ್ಮ ಹಿತ್ತಲಲ್ಲಿದೆ. ಅವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ದಣಿದ ಆ ಮಂಡಿಗಳಿಗೆ ವಿಶ್ರಾಂತಿ ದೊರೆಯಲಿ. ಜೊತೆಗೇ, ವರ್ಷಕ್ಕೊಮ್ಮೆ ನಮ್ಮ ಕಟ್ಟೆಗೆ ಬಂದು ಕೂತು ಅದೇ ಪ್ರಶ್ನೆ ಕೇಳುವಷ್ಟು ಆಯುಷ್ಯ, ಶಕ್ತಿ ಅವರಿಗೆ ಬಹುಕಾಲ ಉಳಿಯಲಿ. ಉತ್ತರವನ್ನು ನಾನು ಬರೆದಿಟ್ಟಿರುತ್ತೇನೆ.