ಅಟ್ಟದ ಮೇಲಿನ ಕಾಯಿ

ದೆವ್ವ, ಶಕುನ ಎಂದು ಯಾರಾದರೂ ಬಾಯಿ ತೆರೆದರೆ, "ಮಾಡೋಕೆ ಕೆಲ್ಸ ಇಲ್ವೇನ್ರೀ?" ಎಂದು ಗದರುತ್ತಿದ್ದವಳು ನಾನು. ಈಗಲೂ ನಂಬುತ್ತೇನೆ ಎನ್ನಲಾರೆ. ಆದದ್ದನ್ನು ಆದ ಹಾಗೆ ಹೇಳುತ್ತೇನೆ, ನಗುವವರು ನಗಲಿ.

ಹಾಲ್ಕುರಿಕೆ ಹತ್ತಿರ ನಮ್ಮದು ಭಾಗವಾದ ಮನೆ. ಗೋಡೆಯಾಚೆ ನನ್ನ ಓರಗಿತ್ತಿ ಗಂಗಮ್ಮ, ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು, ಅರವತ್ತಾರು. ಭಾಗದ ದಿನ ಅತ್ತೆಯ ಈಳಿಗೆಮಣೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದ ಮಹಾತಾಯಿ. ಅಂದಿನಿಂದ ಹನ್ನೊಂದು ವರ್ಷ ಮಾತಿರಲಿಲ್ಲ. ಅಟ್ಟ ಮಾತ್ರ ಒಂದೇ, ನಡುವೆ ಬಿದಿರಿನ ತಟ್ಟಿ, ಎರಡೂ ಕಡೆ ಕೊಬ್ಬರಿಗೆಂದು ಇಟ್ಟ ತೆಂಗಿನಕಾಯಿ. ಅಟ್ಟದಲ್ಲಿ ವರ್ಷ ಒಣಗಿದ ಕಾಯಿಯನ್ನು ಕುಲುಕಿದರೆ ಒಳಗಿನ ಕೊಬ್ಬರಿ ಗಡಗಡ ಅನ್ನುತ್ತದೆ. ಕುಲುಕದೆ ಅನ್ನುವುದಿಲ್ಲ.

ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಉಂಡು ಅಡ್ಡಾಗಿದ್ದೆ. ಅವಳ ಪಾಲಿನ ಅಟ್ಟದಿಂದ ಗಡ್, ಗಡ್‌ಗಡ್ ಎಂದಿತು. ನಿಂತಿತು. ಆಮೇಲೆ ಯಾರೋ ಅಟ್ಟಿಸಿಕೊಂಡು ಬಂದಂತೆ ಐದಾರು ಸಲ. ತಟ್ಟಿ ಸರಿಸಿ ನನ್ನ ಕಾಯಿ ಅತ್ತ ಎಳೆದುಕೊಂಡು ಕುಲುಕಿ ಆರಿಸುತ್ತಿದ್ದಾಳೆ ಎಂದು ಮೈಯೆಲ್ಲ ಉರಿಯಿತು. ಏಣಿ ಹತ್ತಿ ನೋಡಿದೆ. ಯಾರೂ ಇಲ್ಲ, ಇಲಿಯೂ ಇಲ್ಲ. ಸದ್ದು ಮಾತ್ರ ನಡೆದೇ ಇತ್ತು.

ನೇರ ಅವಳ ಮನೆಗೇ ನುಗ್ಗಿದೆ. ಕಂಬಕ್ಕೆ ಒರಗಿ ಕೂತಿದ್ದಳು.

"ಲೇ ಕಳ್ಳಿ, ಅಟ್ಟದ ಮೇಲೆ ಏನೇ ಇಟ್ಟಿದ್ದೀಯ? ಆ ಸದ್ದು ಕೇಳ್ತಿಲ್ವಾ?"

"ಯಾವ ಸದ್ದಕ್ಕ? ನಂಗೇನೂ ಕೇಳ್ತಿಲ್ಲ. ಎಲ್ಡು ಮೆಟ್ಲು ಹತ್ತಿದ್ರೆ ಉಸ್ರು ಕಟ್ತೈತೆ, ಅಟ್ಟ ಎಲ್ಲಿ ಹತ್ಲಿ? ವಯಸ್ಸಾಯ್ತು, ಬುಡು."

"ಬಾ, ತೋರಿಸ್ತೀನಿ" ಎಂದು ಎಳೆಯಲು ಅವಳ ಮಣಿಕಟ್ಟು ಹಿಡಿದೆ. ಬೆರಳಡಿ ಅವಳ ನಾಡಿ ಗಡ್, ಗಡ್‌ಗಡ್ ಎಂದಿತು. ನಿಂತಿತು. ಓಡಿತು. ಮೇಲೆ ಕಾಯಿಯೂ ಹಾಗೆಯೇ, ಒಂದು ಬಡಿತ ಹೆಚ್ಚುಕಡಿಮೆ ಇಲ್ಲ. ನನಗೆ ನಿಜವಾಗಿ ಭಯವಾಯಿತು.

ಬೈಯುತ್ತಲೇ ಆಟೋ ಹತ್ತಿಸಿ ತಿಪಟೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ಇಸಿಜಿ ನೋಡಿ, "ಎದೆ ಬಡಿತ ತಾಳ ತಪ್ಪಿದೆ. ಹೀಗೇ ಬಿಟ್ಟಿದ್ರೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಿ ಲಕ್ವ ಹೊಡೀಬಹುದಿತ್ತು. ವಯಸ್ಸಾಯ್ತು ಅಂತ ಸುಮ್ನಿದ್ದು ತಡವಾಗಿ ಬರೋರೇ ಈಗೀಗ ಜಾಸ್ತಿ ಕಣಮ್ಮ" ಎಂದರು. ಮಾತ್ರೆ ಶುರುವಾಯಿತು. ಅಟ್ಟದ ಸದ್ದು ನಿಂತಿತು.

ಜಗಳ ನಿಂತಿಲ್ಲ. ಈಳಿಗೆಮಣೆ ಇನ್ನೂ ಅವಳ ಹತ್ತಿರವೇ ಇದೆ. ದಿನಾ ಬೆಳಿಗ್ಗೆ ಹೋಗಿ, "ಮಾತ್ರೆ ನುಂಗಿದ್ಯೇನೇ?" ಎಂದು ಗದರಿ ಬರುತ್ತೇನೆ, ಅಷ್ಟೇ.

ಹೋದ ತಿಂಗಳು ಒಂದು ಮಧ್ಯಾಹ್ನ ಅವಳೇ ನಮ್ಮ ಮನೆಗೆ ನುಗ್ಗಿದಳು. ಬೈಯಲು ಬಾಯಿ ತೆರೆದೆ. ಅವಳು ನನ್ನ ಮಣಿಕಟ್ಟು ಹಿಡಿದು ಅಟ್ಟದ ಕಡೆ ಕತ್ತೆತ್ತಿದಳು.

"ನಿನ್ ಪಾಲಿನ ಕಡೆಯಿಂದ ಕಣಕ್ಕ. ಕೇಳ್ತಿಲ್ವಾ? ಚಪ್ಲಿ ಮೆಟ್ಕೋ, ಆಟೋ ನಿಂತೈತೆ."

ನನಗೆ ಏನೂ ಕೇಳಿಸಲಿಲ್ಲ. ಚಪ್ಪಲಿ ಮೆಟ್ಟಿಕೊಂಡೆ. ಈಗ ನನ್ನ ಟ್ರಂಕಿನಲ್ಲೂ ತಾಳ ತಪ್ಪಿದ ಒಂದು ಇಸಿಜಿ ಕಾಗದವಿದೆ.