ಶ್ರುತಿ ಸೇರದ ದನಿ

ಪಾಳ್ಯದ ನಮ್ಮ ಬಸವಣ್ಣನ ಗುಡಿಯಲ್ಲಿ ಸೋಮವಾರ ಸಂಜೆ ನಾವೊಂದಷ್ಟು ಹೆಂಗಸರು ಸೇರಿ ವಚನ ಹಾಡುತ್ತೇವೆ. ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತಳಾದವಳು ನಾನು, ಹಾರ್ಮೋನಿಯಂ ನನ್ನದೇ. ಹೋದ ವರ್ಷ, ಗಂಡನನ್ನು ಕಳೆದುಕೊಂಡ ಒಬ್ಬಾಕೆ ಬಂದು ನಮ್ಮೊಡನೆ ಕೂರತೊಡಗಿದರು. ಊರಾಚೆ ಕಾಫಿ ತೋಟದ ಅಂಚಿನಲ್ಲಿ ಅವರ ಮನೆ. ಆಕೆಗೆ ಶ್ರುತಿಯೂ ಇಲ್ಲ, ತಾಳವೂ ಇಲ್ಲ. ಇಲ್ಲದಿದ್ದರೆ ಬೇಡ, ಮೆಲ್ಲಗಾದರೂ ಹಾಡಬಾರದೆ? ಎಲ್ಲರಿಗಿಂತ ಮೊದಲು ಎತ್ತಿಕೊಂಡು, ಎಲ್ಲರಿಗಿಂತ ಜೋರಾಗಿ ಹಾಡಿ, ನಾವು ನಿಲ್ಲಿಸಿದ ಮೇಲೂ ಎಳೆಯುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಸಾಲದ್ದಕ್ಕೆ, ಆನೆ ಓಡಾಡುವ ದಾರಿಯೆಂದು ಕತ್ತಲಾಗುವ ಮೊದಲು ಆಕೆಯನ್ನು ಸ್ಕೂಟರಿನಲ್ಲಿ ಮನೆ ಮುಟ್ಟಿಸುವ ಕೆಲಸವೂ ನನ್ನ ತಲೆಗೇ ಬಂತು.

ಹಾಸನದ ಒಂದು ಸಮಾರಂಭದಲ್ಲಿ ಹಾಡಲು ನಮಗೆ ಕರೆ ಬಂತು. ಗುಂಪಿನ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ಆಯಮ್ಮನ್ನ ಬುಟ್ಟು ಹೋಗಾನ ಕಣಮ್ಮ. ನೀನೇ ನಯವಾಗಿ ಹೇಳ್ಬುಡು."

ಎಷ್ಟು ನಯವಾಗಿ ಹೇಳಿದರೂ ಹೇಳಬೇಕಾದದ್ದು ಬರಬೇಡಿ ಎಂದೇ. ಆದರೂ ಒಪ್ಪಿಕೊಂಡೆ. ನನಗೂ ಅದೇ ಬೇಕಿತ್ತು.

ಆ ಸಂಜೆ ಆಕೆಯ ಜಗುಲಿಯಲ್ಲಿ ಕಾಫಿ ಕುಡಿಯುತ್ತ ಮಾತು ತೆಗೆದೆ. "ನೀವು ಸ್ವಲ್ಪ ದಿನ ಮನೆಯಲ್ಲೇ ಅಭ್ಯಾಸ ಮಾಡಿದ್ರೆ ಒಳ್ಳೇದು."

ಆಕೆ ಲೋಟ ಕೆಳಗಿಟ್ಟರು. "ನಂಗೆ ಹಾಡಕ್ಕೆ ಬರಕಿಲ್ಲ ಅಂತ ಗೊತ್ತೈತೆ ಟೀಚರಮ್ಮ. ಆದ್ರೆ ಅವ್ರು ಹೋದ್ಮೇಲೆ ಮನೇಲಿ ಗಂಟ್ಲಿಂದ ದನೀನೇ ಹೊರಡಕಿಲ್ಲ. ಗುಡೀಲಿ ನಿಮ್ ಜೊತೆ ಕೂತ್ರೆ ಹೊರಡ್ತದೆ. ಬ್ಯಾಡ ಅಂದ್ರೆ ಸುಮ್ಕೆ ಕೂತಿರ್ತೀನಿ."

ಅಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಬೇಡಿಕೊಂಡಿದ್ದರೆ ಬಹುಶಃ ಬೇಡವೆನ್ನುವುದು ನನಗೆ ಸುಲಭವಾಗುತ್ತಿತ್ತು.

"ಹಾಸನಕ್ಕೆ ಹೋಗೋವಾಗ ಎಲ್ರೂ ನೀಲಿ ಸೀರೆ ಉಡ್ತೀವಿ. ನಿಮ್ಮತ್ರ ಐತಾ?" ಎಂದು ಕೇಳಿ ಎದ್ದು ಬಂದೆ.

ಗುಂಪಿನವರು ಸಿಟ್ಟಾದರು. ಇಬ್ಬರು ಹೊರಡಲೇ ಇಲ್ಲ. ಕಣ್ಣು ಮುಚ್ಚಿ ದಯೆಯ ವಚನ ಹಾಡುವವರಿಗೆ ಪಕ್ಕದಲ್ಲಿ ಕೂತ ಒಂದು ಒರಟು ದನಿ ಸಹಿಸಲಾಗದಲ್ಲ ಎಂದು ನನಗೂ ಸಿಟ್ಟು ಬಂತು. ಹಾಸನದಲ್ಲಿ ಮೈಕ್ ಆಕೆಯ ಹತ್ತಿರವೇ ಇತ್ತು. ಮುಂದಿನ ಸಾಲಿನವರು ಮುಖ ಮುಖ ನೋಡಿಕೊಂಡು ನಕ್ಕರು. ನಾನು ಹಾರ್ಮೋನಿಯಂ ಮೇಲಿನಿಂದ ತಲೆ ಎತ್ತಲಿಲ್ಲ. ವಾಪಸು ಬರುವಾಗ ವ್ಯಾನಿನಲ್ಲಿ ಆಕೆ, "ಚೆನ್ನಾಗಾಯ್ತಲ್ವಾ?" ಎಂದರು. ಉಳಿದವರು ಕಿಟಕಿಯತ್ತ ತಿರುಗಿದರು. "ಹೂಂ" ಎಂದೆ. ಅದು ಸುಳ್ಳು. ಸುಳ್ಳು ಹೇಳಬೇಕಾಯಿತಲ್ಲ ಎಂದು ಮನೆ ತಲುಪುವವರೆಗೂ ಕಸಿವಿಸಿ.

ಒಳ್ಳೆಯದು ಮಾಡಿದರೆ ಮನಸ್ಸು ತಿಳಿಯಾಗುತ್ತದೆ ಎಂದು ಪ್ರವಚನಗಳಲ್ಲಿ ಕೇಳುತ್ತ ಬಂದಿದ್ದೇನೆ. ನನ್ನದಂತೂ ತಿಳಿಯಾಗಿಲ್ಲ. ಈಗಲೂ ಆಕೆ ಮೊದಲ ಸಾಲು ಎತ್ತಿದ ಕೂಡಲೇ ಹಲ್ಲು ಕಚ್ಚುತ್ತೇನೆ. ಹಿಂದೆಲ್ಲ ಹಾಡುವಾಗ ನನಗೆ ನನ್ನ ದನಿಯೊಂದೇ ಕೇಳುತ್ತಿತ್ತು, ಅದನ್ನೇ ಭಕ್ತಿ ಎಂದುಕೊಂಡಿದ್ದೆ. ಈಗ ಆ ಸುಖವೂ ಇಲ್ಲ, ಆಕೆ ಎಲ್ಲಿ ಜಾರುತ್ತಾರೋ ಎಂದು ಕಿವಿ ಅತ್ತಲೇ ಇರುತ್ತದೆ. ಹೋದ ಸೋಮವಾರ ಆಕೆಗೆ ಹೊಂದಲೆಂದು ಶ್ರುತಿ ಏರಿಸಿ ನೋಡಿದೆ. ಉಳಿದವರ ಗಂಟಲು ಅಲ್ಲಿಗೆ ಏರಲಿಲ್ಲ, ಇನ್ನೊಬ್ಬರು ಗೊಣಗುತ್ತ ಎದ್ದು ಹೋದರು. ಮುಂದಿನ ವಾರ ಇಳಿಸಿ ನೋಡಬೇಕು.